ಚೀಟಿಯ ಮೇಲಿನ ಮೂರು ಗಿಗಾಹರ್ಟ್ಸ್

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ಬಸ್ಸು ಹತ್ತಿದರೆ ಒಳಗೆ ಒಂದು ಸಂಖ್ಯೆ ಬರೆದಿರುತ್ತದೆ: ಇಷ್ಟು ಜನ ಕೂರಬಹುದು, ಇಷ್ಟು ಜನ ನಿಲ್ಲಬಹುದು. ದಸರೆಯ ದಶಮಂಟಪ ನೋಡಿ ಬೆಳಗಿನ ಜಾವ ಊರಿಗೆ ಮರಳುವವರು ಆ ಸಂಖ್ಯೆಯನ್ನು ಓದಿದ್ದನ್ನು ನಾನಂತೂ ಕಂಡಿಲ್ಲ. ಬಾಗಿಲಲ್ಲಿ ಜನ ನೇತಾಡಿದರೂ ಬಸ್ಸು ಸುಳ್ಯ ಮುಟ್ಟುತ್ತದೆ. ಹಾಗಾದರೆ ಬರೆದದ್ದು ಸುಳ್ಳೇ?

ಕಂಪ್ಯೂಟರಿನ ಪ್ರೊಸೆಸರ್ ಮೇಲೂ ಇಂಥದ್ದೇ ಒಂದು ಸಂಖ್ಯೆ ಇರುತ್ತದೆ. ನನ್ನ ಮೇಜಿನ ಕೆಳಗಿನ ಹಳೆಯ ಡೆಸ್ಕ್‌ಟಾಪಿನಲ್ಲಿರುವುದು ಇಂಟೆಲ್ ಕೋರ್ 2 ಡ್ಯುಯೊ ಇ8400. ಅದು ಮಾರುಕಟ್ಟೆಗೆ ಬಂದದ್ದು 2008ರ ಜನವರಿಯಲ್ಲಿ. ನನ್ನ ಕೈಗೆ ಬಂದದ್ದು ಬಹಳ ತಡವಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಿಂದ. ಲೋಹದ ಮುಚ್ಚಳದ ಮೇಲೆ 3.00 ಗಿಗಾಹರ್ಟ್ಸ್ ಎಂದು ಕೆತ್ತಿದ್ದಾರೆ. ಡಬ್ಬದ ಚೀಟಿಯ ಮೇಲೂ ಅದೇ. ಇದೇ ಮಾದರಿಯನ್ನು 3.6ರಲ್ಲಿ, ಧೈರ್ಯಸ್ಥರು 4ರಲ್ಲಿ ಓಡಿಸಿದ್ದಾರೆ. ಬಡಿತ ಏರಿಸುವುದು ಎಂದು ನಾನು ಕರೆಯುವ ಈ ಕೆಲಸಕ್ಕೆ ಎಸ್.ಪಿ. ರಸ್ತೆಯಲ್ಲಿ ಓವರ್‌ಕ್ಲಾಕಿಂಗ್ ಎಂದರೇ ಅರ್ಥವಾಗುವುದು.

ಹಾಲಿಗೆ ನೀರು ಬೆರೆಸಿ ಮಾರುವವರನ್ನು ಕಂಡಿದ್ದೇವೆ. ನಾಲ್ಕರಲ್ಲಿ ಓಡಬಲ್ಲದ್ದನ್ನು ಮೂರು ಎಂದು ಬರೆದು ಅಗ್ಗಕ್ಕೆ ಮಾರುವ ವ್ಯಾಪಾರಿ ಯಾವ ಊರಿನವನು?

ದುಡಿ ಬಾರಿಸುವವನ ಕೈ

ಮೂರು ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಬಡಿತ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಬೆಳಕು ಕೂಡ ಹತ್ತು ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಅರ್ಧ ಗೇಣು ಹೋಗಿರುತ್ತದೆ, ಅಷ್ಟೆ. ಇ8400ರ ಒಳಗೆ 41 ಕೋಟಿ ಟ್ರಾನ್ಸಿಸ್ಟರುಗಳಿವೆ. ಒಂದೊಂದೂ ಒಂದು ಪುಟ್ಟ ಸ್ವಿಚ್ಚು. ಇವೆಲ್ಲ ಒಂದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಆ ತಾಳವೇ ಬಡಿತ.

ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ ಊರ ಬಯಲಾದ ಮಂದಿನಲ್ಲಿ ಕೋಲಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವೃತ್ತದಲ್ಲಿ ಸುತ್ತುತ್ತಾ ಒಬ್ಬನ ಬೆತ್ತ ಇನ್ನೊಬ್ಬನ ಬೆತ್ತಕ್ಕೆ ತಾಳದ ಮೇಲೇ ತಾಗಬೇಕು. ದುಡಿ ಬಾರಿಸುವವನು ಗತಿ ಏರಿಸಿದರೆ ಹುಡುಗರಿಗೆ ಖುಷಿ. ಇನ್ನೂ ಏರಿಸಿದರೆ? ಮೊದಲು ತಪ್ಪುವವನು ವೃತ್ತದಲ್ಲಿರುವ ಅತಿ ನಿಧಾನದವನು, ಅದೂ ಅವನ ಅತಿ ಕಷ್ಟದ ಹೆಜ್ಜೆಯಲ್ಲಿ, ಪೂರ್ತಿ ತಿರುಗಿ ಹಿಂದಿನವನ ಬೆತ್ತಕ್ಕೆ ಹೊಡೆಯುವಾಗ. ಉಳಿದ ಮೂವತ್ತು ಜನ ಎಷ್ಟೇ ಚುರುಕಾಗಿರಲಿ, ಇಡೀ ವೃತ್ತದ ವೇಗ ನಿಗದಿಯಾಗುವುದು ಆ ಒಬ್ಬನಿಂದ.

ಪ್ರೊಸೆಸರಿನಲ್ಲೂ ಹಾಗೆಯೇ. ಒಂದು ಸ್ವಿಚ್ಚು ಮುಂದಿನದನ್ನು ತೆರೆಯಬೇಕು, ಅದು ಅದರ ಮುಂದಿನದನ್ನು. ಎರಡು ಸಂಖ್ಯೆ ಕೂಡಿಸುವಾಗ ಕೈಯಲ್ಲಿ ಉಳಿದ ಒಂದು, ಬಲದಿಂದ ಎಡಕ್ಕೆ ಕೊನೆಯ ಸ್ಥಾನದವರೆಗೂ ಸಾಗಬೇಕಾಗಿ ಬಂದರೆ ಸರಪಳಿ ಉದ್ದವಾಗುತ್ತದೆ. ಇಂಥ ಸಾವಿರಾರು ಸರಪಳಿಗಳಲ್ಲಿ ಅತಿ ನಿಧಾನದ್ದನ್ನು ಎಂಜಿನಿಯರುಗಳು ಕ್ರಿಟಿಕಲ್ ಪಾತ್ ಎನ್ನುತ್ತಾರೆ. ನಾವು ನಿಧಾನದ ದಾರಿ ಎನ್ನೋಣ. ಆ ದಾರಿಯಲ್ಲಿ ಉತ್ತರ ಬಂದು ಸೇರುವ ಮೊದಲೇ ಮುಂದಿನ ಬಡಿತ ಬಿದ್ದರೆ, ಪ್ರೊಸೆಸರು ಹಳೆಯದೋ ಅರೆಬರೆಯದೋ ಆದ ಉತ್ತರವನ್ನೇ ಎತ್ತಿಕೊಂಡು ಮುಂದೆ ನಡೆಯುತ್ತದೆ. ಅದಕ್ಕೆ ತಪ್ಪಿದ್ದು ಗೊತ್ತಾಗುವುದೇ ಇಲ್ಲ. ನೀಲಿ ಪರದೆ ಬಂದರೆ ನಮ್ಮ ಪುಣ್ಯ. ಕೂಡಿಸಿದ ಮೊತ್ತ ಸದ್ದಿಲ್ಲದೆ ತಪ್ಪಾಗುವುದು ನಿಜವಾದ ಅಪಾಯ.

ಕ್ಯೂರಿಂಗಿನ ಜರಡಿ

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕಕ್ಕೆ ಒಂದೇ ತೋಟದ ಮೂಟೆ ಹೋದರೂ ಹೊರಗೆ ಬರುವಾಗ ಅದು ಒಂದೇ ಕಾಫಿಯಾಗಿ ಉಳಿದಿರುವುದಿಲ್ಲ. ಜರಡಿಯ ಮೇಲೆ ಉಳಿದದ್ದು ಎ, ಕೆಳಗೆ ಬಿದ್ದದ್ದು ಬಿ, ಇನ್ನೂ ಕೆಳಗೆ ಸಿ, ಒಂಟಿಬೀಜವಾದರೆ ಪೀಬೆರಿ. ಒಂದೇ ಗಿಡ, ಒಂದೇ ರೆಂಬೆ, ದರ ಬೇರೆ.

ಪ್ರೊಸೆಸರುಗಳೂ ಹೀಗೆಯೇ ಹುಟ್ಟುತ್ತವೆ. ತಟ್ಟೆಯಂಥ ಒಂದು ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪುಗಳನ್ನು ಒಟ್ಟಿಗೆ ಅಚ್ಚು ಹಾಕುತ್ತಾರೆ. ಕೆಲವದರ ನಿಧಾನದ ದಾರಿ ಕೊಂಚ ಚುರುಕು, ಕೆಲವದರದ್ದು ಮಂದ. ಎಲ್ಲವನ್ನೂ ಪರೀಕ್ಷಿಸಿ ದರ್ಜೆವಾರು ಬೇರೆ ಮಾಡುತ್ತಾರೆ. ಇದರ ಮೇಲೆ ವ್ಯಾಪಾರದ ಲೆಕ್ಕವೊಂದಿದೆ. ಎ ದರ್ಜೆ ಬೇಕಾದಷ್ಟಿದ್ದು, ಸಂತೆಯಲ್ಲಿ ಗಿರಾಕಿಗಳು ಕೇಳುತ್ತಿರುವುದು ಬಿ ದರ್ಜೆಯಾದರೆ? ಎ ಕಾಳೇ ಬಿ ಚೀಲಕ್ಕೆ ಹೋಗುತ್ತದೆ. ಇದರ ಹಳೆಯ, ಹೆಸರುವಾಸಿ ಉದಾಹರಣೆ 1998ರ ಸೆಲೆರಾನ್ 300ಎ. ಚೀಟಿಯ ಮೇಲೆ 300 ಮೆಗಾಹರ್ಟ್ಸ್. ಪ್ರೊಸೆಸರು ಗುಣಿಸಿಕೊಳ್ಳುವ ಮೂಲ ಬಡಿತವನ್ನು 66ರಿಂದ 100ಕ್ಕೆ ತಿರುಗಿಸಿದರೆ ಬಹಳಷ್ಟು ಚಿಪ್ಪುಗಳು 450ರಲ್ಲಿ ತಣ್ಣಗೆ ಓಡಿದವು. ಆ ಕಾಲದ ಹುಡುಗರು ಈಗ ನಡುವಯಸ್ಸಿನವರು. ಮಾತು ತೆಗೆದರೆ ಮೊದಲ ಬೈಕಿನ ಕಥೆಯಂತೆ ಹೇಳುತ್ತಾರೆ.

ಆದರೆ ಹಳೆಯ ಪ್ರೊಸೆಸರಿನಲ್ಲಿ ನಮಗೆ ಸಿಗುವ ಹೆಚ್ಚುವರಿ ವೇಗದ ಬಹುಪಾಲು ಈ ವ್ಯಾಪಾರದಿಂದ ಬಂದದ್ದಲ್ಲ, ಬಸ್ಸಿನ ಸಂಖ್ಯೆಯ ಹಿಂದಿರುವ ಲೆಕ್ಕದಿಂದಲೇ ಬಂದದ್ದು. ಕಾರ್ಖಾನೆಯವರಿಗೆ ಈ ಚಿಪ್ಪು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲ. ಅದು ಮೇ ತಿಂಗಳ ರಾಯಚೂರಿಗೆ ಹೋಗಬಹುದು, 42 ಡಿಗ್ರಿಯ ತಗಡಿನ ಮಾಡಿನ ಕೆಳಗೆ, ಧೂಳು ತುಂಬಿದ ಫ್ಯಾನಿನ ಹಿಂದೆ ಕೂರಬಹುದು. ವಿದ್ಯುತ್ತಿನ ಒತ್ತಡ ಅರೆಕ್ಷಣ ಕುಸಿಯಬಹುದು. ಹತ್ತು ವರ್ಷದ ದುಡಿಮೆಯಲ್ಲಿ ಟ್ರಾನ್ಸಿಸ್ಟರುಗಳೂ ಸುಸ್ತಾಗಬಹುದು. ಈ ಮೂರೂ ಕೆಟ್ಟ ದಿನಗಳು ಒಟ್ಟಿಗೇ ಬಂದರೂ ನಿಧಾನದ ದಾರಿಯಲ್ಲಿ ಉತ್ತರ ಸಮಯಕ್ಕೆ ಸೇರಬೇಕು. ಅದಕ್ಕಾಗಿ ಪ್ರತಿ ಬಡಿತದಲ್ಲೂ ಒಂದಿಷ್ಟು ಕಾಲವನ್ನು ಖಾಲಿ ಬಿಡುತ್ತಾರೆ. ಅದನ್ನು ಮಿಗತೆ ಎಂದು ಕರೆಯೋಣ.

ಮಡಿಕೇರಿಯ ಜನವರಿ ರಾತ್ರಿಯಲ್ಲಿ ಆ ಮಿಗತೆ ಖರ್ಚಾಗದೆ ಉಳಿಯುತ್ತದೆ. ಬಡಿತ ಏರಿಸುವುದೆಂದರೆ ರಾಯಚೂರಿಗೆಂದು ತೆಗೆದಿಟ್ಟದ್ದನ್ನು ಮಡಿಕೇರಿಯಲ್ಲಿ ಖರ್ಚು ಮಾಡುವುದು.

ನೀರು, ಎತ್ತರ, ಏಟು

ಮಿಗತೆ ಮುಗಿದ ಮೇಲೂ ವೇಗ ಬೇಕೆನ್ನುವವರು ವೋಲ್ಟೇಜ್ ಏರಿಸುತ್ತಾರೆ. ವೋಲ್ಟೇಜಿಗೂ ವೇಗಕ್ಕೂ ಏನು ನಂಟು?

ಫೆಬ್ರವರಿ ಕೊನೆಯಲ್ಲಿ ಕಾಫಿ ಹೂ ಬಿಡಿಸಲು ಕೆರೆಯಿಂದ ಸ್ಪ್ರಿಂಕ್ಲರಿಗೆ ನೀರು ಹೊಡೆಯುವುದನ್ನು ನೆನೆಯಿರಿ. ಪಂಪಿನ ಒತ್ತಡ ಹೆಚ್ಚಾದರೆ ಪೈಪು ಬೇಗ ತುಂಬುತ್ತದೆ, ಜೆಟ್ಟು ಬೇಗ ಎದ್ದು ಸುತ್ತತೊಡಗುತ್ತದೆ. ಟ್ರಾನ್ಸಿಸ್ಟರನ್ನು ನಲ್ಲಿ ಎಂದುಕೊಳ್ಳಿ. ಅದು ಮುಂದಿನ ಟ್ರಾನ್ಸಿಸ್ಟರಿನ ಬಾಯಲ್ಲಿರುವ ಪುಟ್ಟ ಕುಡಿಕೆಯೊಂದನ್ನು ವಿದ್ಯುದಂಶದಿಂದ ತುಂಬಬೇಕು. ಕುಡಿಕೆ ತುಂಬಿದರೆ ಮುಂದಿನದು ತೆರೆಯುತ್ತದೆ. ವೋಲ್ಟೇಜ್ ಎಂದರೆ ಒತ್ತಡ. ಒತ್ತಡ ಹೆಚ್ಚಾದರೆ ಕುಡಿಕೆ ಬೇಗ ತುಂಬುತ್ತದೆ, ನಿಧಾನದ ದಾರಿ ಚುರುಕಾಗುತ್ತದೆ.

ಇಲ್ಲಿಯವರೆಗೆ ಲಾಭ. ಈಗ ಬೆಲೆ. ತುಂಬಿದ ಕುಡಿಕೆಯನ್ನು ಮುಂದೆ ಮತ್ತೆ ಬರಿದು ಮಾಡಬೇಕು, ಅಂದರೆ ನೀರನ್ನು ಕೆಳಗೆ ಸುರಿಯಬೇಕು. ಸುರಿದ ನೀರು ನೆಲಕ್ಕೆ ಬಡಿಯುವ ಏಟೇ ಶಾಖ. ಒತ್ತಡ ಎರಡು ಪಟ್ಟಾದರೆ ಕುಡಿಕೆಯಲ್ಲಿ ನಿಲ್ಲುವ ನೀರೂ ಎರಡು ಪಟ್ಟು, ಅದು ಬೀಳುವ ಎತ್ತರವೂ ಎರಡು ಪಟ್ಟು. ಏಟು ನಾಲ್ಕು ಪಟ್ಟು. ಬಡಿತ ಏರಿಸಿದರೆ ಅಷ್ಟೇ ಪಾಲು ಶಾಖ ಏರುತ್ತದೆ; ವೋಲ್ಟೇಜ್ ಏರಿಸಿದರೆ ಏರಿಕೆಯ ಮೇಲೆ ಏರಿಕೆ, ಚಕ್ರಬಡ್ಡಿಯ ಹಾಗೆ.

ನನ್ನ ಇ8400ಕ್ಕೆ ಬಾಯಿಲೆಕ್ಕ ಹಾಕೋಣ. ಇಂಟೆಲ್ ಹೇಳುವ ಶಾಖದ ಮಿತಿ 65 ವ್ಯಾಟ್. ವೋಲ್ಟೇಜನ್ನು 1.225ರಿಂದ 1.275ಕ್ಕೆ ಮಾತ್ರ ಏರಿಸಿ 3.6 ಗಿಗಾಹರ್ಟ್ಸಿಗೆ ಹೋದರೆ ವೇಗ ಶೇ. 20 ಹೆಚ್ಚು, ಶಾಖ ಶೇ. 30 ಹೆಚ್ಚು: 84 ವ್ಯಾಟ್ ಆಸುಪಾಸು. 4 ಗಿಗಾಹರ್ಟ್ಸ್ ಬೇಕೆಂದು 1.36ಕ್ಕೆ ಹೋದರೆ ವೇಗ ಶೇ. 33 ಹೆಚ್ಚು, ಶಾಖ ಶೇ. 64 ಹೆಚ್ಚು: 107 ವ್ಯಾಟ್. ಕೊನೆಯ ಆ ಚೂರು ವೇಗಕ್ಕೆ ತೆರುವ ಬೆಲೆ ನನಗೆ ದುಬಾರಿ ಎನಿಸಿತು. ಅಲ್ಲದೆ 1.3625 ವೋಲ್ಟ್ ಎಂಬುದು ಈ ಚಿಪ್ಪಿಗೆ ಇಂಟೆಲ್ ಬರೆದಿಟ್ಟ ವ್ಯಾಪ್ತಿಯ ತುತ್ತತುದಿ.

ಈ ಶಾಖವೆಲ್ಲ ಹುಟ್ಟುವ ಜಾಗ 107 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಯ ತಳದಲ್ಲಿ ಅಷ್ಟು ಜಾಗದಿಂದ ಹೊರಡುವ ಶಾಖಕ್ಕೆ ಹೋಲಿಸಿದರೆ ಇದು ಹತ್ತು ಪಟ್ಟಿಗೂ ಹೆಚ್ಚು.

ರಾಶಿ ಹಾಕಿದ ಹಣ್ಣು

ಕೊಯ್ದ ಕಾಫಿ ಹಣ್ಣನ್ನು ಕಣದಲ್ಲಿ ತೆಳ್ಳಗೆ ಹರಡದೆ ರಾತ್ರಿಯಿಡೀ ರಾಶಿ ಬಿಟ್ಟವರಿಗೆ ಗೊತ್ತು: ಬೆಳಿಗ್ಗೆ ಕೈ ಹಾಕಿದರೆ ಒಳಗೆ ಬಿಸಿ. ಹುಳಿಯುವಿಕೆ ಬಿಸಿ ಹುಟ್ಟಿಸುತ್ತದೆ, ಬಿಸಿಯಲ್ಲಿ ಹುಳಿಯುವಿಕೆ ಇನ್ನೂ ಜೋರಾಗುತ್ತದೆ. ಚಿಪ್ಪಿನೊಳಗೂ ಇಂಥದ್ದೇ ಸುತ್ತು. ಮುಚ್ಚಿದ ಟ್ರಾನ್ಸಿಸ್ಟರ್ ಪೂರ್ತಿ ಮುಚ್ಚಿರುವುದಿಲ್ಲ. ವಾಷರ್ ಸವೆದ ನಲ್ಲಿಯಂತೆ ತೊಟ್ಟಿಕ್ಕುತ್ತದೆ. ಚಿಪ್ಪು ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು, ಸೋರಿಕೆ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಜೊತೆಗೆ ಬಿಸಿಯಲ್ಲಿ ತಾಮ್ರದ ತಂತಿಗಳ ತಡೆಯೂ ಏರಿ ನಿಧಾನದ ದಾರಿ ಮತ್ತಷ್ಟು ನಿಧಾನವಾಗುತ್ತದೆ. ವೇಗಕ್ಕೆಂದು ಏರಿಸಿದ ವೋಲ್ಟೇಜು ಶಾಖ ಹುಟ್ಟಿಸಿ ವೇಗವನ್ನೇ ತಿನ್ನತೊಡಗುವ ಒಂದು ಹಂತ ಬರುತ್ತದೆ. ಅಲ್ಲಿಂದ ಮುಂದೆ ಹೋಗುವುದು ಹಟ, ಅಷ್ಟೆ.

ವರ್ಷಾನುಗಟ್ಟಲೆ ನಡೆಯುವ ಇನ್ನೊಂದು ಸವೆತವಿದೆ. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ತಳ್ಳುತ್ತಾ ಹೋಗುತ್ತವೆ, ಕಾವೇರಿ ಒಂದು ದಡ ಕೊರೆದು ಇನ್ನೊಂದು ದಡಕ್ಕೆ ಮರಳು ಹಾಕುವಂತೆ. ಬಿಸಿ ಮತ್ತು ಪ್ರವಾಹ ಎರಡೂ ಹೆಚ್ಚಾದರೆ ಕೊರೆತ ಬೇಗ.

ಇಡೀ ಜಗತ್ತಿನ ಕಂಪ್ಯೂಟರುಗಳು ಸಿಕ್ಕಿಕೊಂಡು ನಿಂತಿರುವುದೂ ಶಾಖದ ಇದೇ ಹಳ್ಳದಲ್ಲಿ. 1993ರ ಮೊದಲ ಪೆಂಟಿಯಂ ಓಡುತ್ತಿದ್ದುದು 60 ಮೆಗಾಹರ್ಟ್ಸಿನಲ್ಲಿ. 2004ರ ಕೊನೆಗೆ ಪೆಂಟಿಯಂ 4 ಮುಟ್ಟಿದ್ದು 3800. ಹನ್ನೊಂದು ವರ್ಷಕ್ಕೆ ಅರವತ್ತು ಪಟ್ಟಿಗೂ ಹೆಚ್ಚು. ಆಮೇಲೆ ಇಪ್ಪತ್ತು ವರ್ಷ ಕಳೆದು 2024ರಲ್ಲಿ ಇಂಟೆಲ್ ತಲುಪಿದ್ದು 6200, ಅದೂ ಅರೆಕ್ಷಣದ ಓಟದಲ್ಲಿ. ಟ್ರಾನ್ಸಿಸ್ಟರು ಚಿಕ್ಕದಾದಂತೆ ವೋಲ್ಟೇಜನ್ನೂ ಇಳಿಸುತ್ತಾ ಹೋದರೆ ಶಾಖ ಹೆಚ್ಚಾಗುವುದಿಲ್ಲ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ಆ ಲೆಕ್ಕ ನಡೆಯಿತು. ಆಮೇಲೆ ಸೋರಿಕೆಯ ಭಯದಿಂದ ವೋಲ್ಟೇಜ್ ಇಳಿಸುವುದು ನಿಂತಿತು, ಬಡಿತದ ಆ ಓಟವೂ ನಿಂತಿತು. ಒಬ್ಬನನ್ನೇ ಓಡಿಸಲಾಗದಿದ್ದರೆ ಇಬ್ಬರನ್ನು ಇಟ್ಟುಕೊಳ್ಳೋಣ ಎಂದು ಒಂದೇ ಚಿಪ್ಪಿನೊಳಗೆ ಎರಡು ಪ್ರೊಸೆಸರ್ ಕೂರಿಸಿದರು. ಇ8400ರ ಹೆಸರಿನಲ್ಲಿರುವ ಡ್ಯುಯೊ ಆ ರಾಜಿಯ ಗುರುತು.

ಚಳಿಯ ಊರು, ತೆಳುವಾದ ಗಾಳಿ

ಫ್ಯಾನು ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. ಕೋಣೆಗಿಂತ ಎಷ್ಟು ಮೇಲೆ ನಿಲ್ಲಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಆ ಅಂತರ 40 ಡಿಗ್ರಿ ಎಂದುಕೊಳ್ಳಿ. ರಾಯಚೂರಿನ 42ರ ಮಧ್ಯಾಹ್ನ ಚಿಪ್ಪು 82ರಲ್ಲಿ ಬೇಯುತ್ತದೆ. ಮಡಿಕೇರಿಯ 15ರ ರಾತ್ರಿ 55ರಲ್ಲಿ ಆರಾಮಾಗಿರುತ್ತದೆ.

ಆದರೆ ಮಡಿಕೇರಿಯ ಗಾಳಿಗೆ ಒಂದು ಕೊರತೆಯೂ ಉಂಟು. ಊರು ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ನೂರರ ಬದಲು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುವುದು ಅದಕ್ಕೇ. ಅದೇ ಕಾರಣಕ್ಕೆ ಫ್ಯಾನು ಒಂದು ಸುತ್ತಿಗೆ ಎಳೆದುಕೊಳ್ಳುವ ಗಾಳಿಯ ತೂಕವೂ ಕಡಿಮೆ. ಚಳಿಯಿಂದ ಗಾಳಿ ಸ್ವಲ್ಪ ದಟ್ಟವಾಗುವುದನ್ನು ಸೇರಿಸಿ ಲೆಕ್ಕ ಹಾಕಿದರೂ ಮಂಗಳೂರಿನ ಬೇಸಗೆಯ ಗಾಳಿಗಿಂತ ಶೇ. 9ರಷ್ಟು ಹಗುರ. ಹಾಗಾಗಿ 40ರ ಅಂತರ ಇಲ್ಲಿ 43ರ ಸುಮಾರಿಗೆ ಹೋದೀತು. ಚಳಿ ಕೊಡುವ ಇಪ್ಪತ್ತು ಮೂವತ್ತು ಡಿಗ್ರಿಯಲ್ಲಿ ಎತ್ತರ ಕಿತ್ತುಕೊಳ್ಳುವುದು ಮೂರು. ನಷ್ಟವಿಲ್ಲ.

ಇಷ್ಟು ಹೇಳಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಐಸ್ ಇಟ್ಟರೆ? ಅತಿಶೀತದ ದ್ರವ ಸುರಿದು 2011ರಲ್ಲಿ ಎಎಂಡಿ ಎಫ್‌ಎಕ್ಸ್ ಚಿಪ್ಪೊಂದನ್ನು 8.429 ಗಿಗಾಹರ್ಟ್ಸಿಗೆ ಮುಟ್ಟಿಸಿದ್ದು ಗಿನ್ನೆಸ್ ದಾಖಲೆಯಾಯಿತು, ನಿಜ. ಅದು ಪ್ರದರ್ಶನದ ಕುಸ್ತಿ. ಕೊಡಗಿನ ಜೂನ್ ತಿಂಗಳಲ್ಲಿ ತಣ್ಣೀರಿನ ಲೋಟ ಮೇಜಿನ ಮೇಲಿಟ್ಟರೆ ಹೊರಮೈ ಬೆವರುತ್ತದೆ, ಬೀರುವಿನ ಬಟ್ಟೆಗೆ ಬೂಷ್ಟು ಬರದಿರಲೆಂದು ಒಳಗೆ ಬಲ್ಬು ಉರಿಸುತ್ತೇವೆ. ಗಾಳಿ ಅಷ್ಟು ಒದ್ದೆಯಾಗಿರುವಾಗ ಕೋಣೆಗಿಂತ ಎರಡು ಡಿಗ್ರಿ ತಂಪಾದ ವಸ್ತುವೂ ನೀರು ಹಿಡಿಯುತ್ತದೆ. ಮದರ್‌ಬೋರ್ಡ್ ಮೇಲೆ ಆ ಬೆವರು ಬಿದ್ದರೆ ಮುಗಿಯಿತು. ಬರೀ ಫ್ಯಾನಿನಿಂದ ತಂಪಾಗುವ ಚಿಪ್ಪು ಯಾವಾಗಲೂ ಕೋಣೆಗಿಂತ ಬೆಚ್ಚಗೆ ಇರುವುದರಿಂದ ಆ ಭಯ ಇಲ್ಲ. ಮಳೆಗಾಲದಲ್ಲಿ ಅದೇ ಒಂದು ಬೀರುವಿನ ಬಲ್ಬು.

ಕರಿಮೆಣಸಿನ ಕಾಳಿನಷ್ಟು

ನಾನು ಶುರು ಮಾಡಿದ್ದು ಬಡಿತದಿಂದ ಅಲ್ಲ, ಬ್ರಶ್ಶಿನಿಂದ. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದಾಗ ಫ್ಯಾನಿನ ಕೆಳಗೆ ಕಂಬಳಿಯಂತೆ ಧೂಳು ಕೂತಿತ್ತು, ಮೂಲೆಯಲ್ಲಿ ಜೇಡವೊಂದು ಸಂಸಾರ ಹೂಡಿತ್ತು. ಶಾಖ ಹೀರುವ ಲೋಹದ ಹೀಟ್‌ಸಿಂಕ್ ಬಿಚ್ಚಿದರೆ ಅದಕ್ಕೂ ಪ್ರೊಸೆಸರಿಗೂ ನಡುವಿನ ಲೇಪ, ಥರ್ಮಲ್ ಪೇಸ್ಟ್, ಒಣಗಿ ಸುಣ್ಣದ ಗೋಡೆಯಂತೆ ಬಿರುಕು ಬಿಟ್ಟಿತ್ತು. ಎರಡು ಲೋಹ ಎಷ್ಟೇ ನಯವಾಗಿ ಕಂಡರೂ ನಡುವೆ ಕಣ್ಣಿಗೆ ಕಾಣದ ಗಾಳಿಯ ಗುಳಿಗಳಿರುತ್ತವೆ, ಗಾಳಿ ಶಾಖವನ್ನು ಸಾಗಿಸಲು ಮಹಾ ಸೋಮಾರಿ. ಲೇಪದ ಕೆಲಸ ಆ ಗುಳಿ ತುಂಬುವುದು, ಅಷ್ಟೇ. ಸ್ಪಿರಿಟ್ಟಿನಲ್ಲಿ ಹಳೆಯದನ್ನು ಒರೆಸಿ, ನಡುವೆ ಒಂದು ಕರಿಮೆಣಸಿನ ಕಾಳಿನಷ್ಟು ಹೊಸ ಲೇಪ ಇಟ್ಟು ಒತ್ತಿದೆ. ತುಪ್ಪದಂತೆ ಬಳಿಯುವವರಿದ್ದಾರೆ, ಹೆಚ್ಚಾದ ಲೇಪ ಶಾಖಕ್ಕೆ ಇನ್ನೊಂದು ಗೋಡೆ.

ಮದರ್‌ಬೋರ್ಡಿನಲ್ಲಿ ಉರುಳೆಯಾಕಾರದ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿದೆಯೇ ಎಂದು ಟಾರ್ಚ್ ಹಾಕಿ ನೋಡಿದೆ. ಇವು ವೋಲ್ಟೇಜಿನ ಏರಿಳಿತವನ್ನು ನುಂಗುವ ಪುಟ್ಟ ಕೆರೆಗಳು. ತಲೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಅಂಥ ಬೋರ್ಡಿನಲ್ಲಿ ಬಡಿತ ಏರಿಸುವ ಮಾತೇ ಬೇಡ. ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಂಡೆ.

ಆಮೇಲೆ ಬಯೋಸ್, ಯಂತ್ರ ಏಳುವಾಗ ಬಡಿತ, ವೋಲ್ಟೇಜುಗಳನ್ನು ನಿಗದಿ ಮಾಡುವ ಜಾಗ. ಇ8400ರ 3.0 ಬರುವುದು 333ರ ಮೂಲ ಬಡಿತವನ್ನು ಒಂಬತ್ತರಿಂದ ಗುಣಿಸಿ. ಒಂಬತ್ತನ್ನು ಏರಿಸದಂತೆ ಇಂಟೆಲ್ ಬೀಗ ಹಾಕಿದೆ. ಏರಿಸಬೇಕಾದ್ದು ಮೂಲ ಬಡಿತವನ್ನೇ. ಆದರೆ ಅದೇ ತಾಳಕ್ಕೆ ಮೆಮೊರಿಯೂ ಕುಣಿಯುತ್ತದೆ. ಡಿಡಿಆರ್2-800 ಮೆಮೊರಿ ಇದ್ದರೆ ಮೂಲ ಬಡಿತ 400ಕ್ಕೆ ಅದು ಸರಿಸಮ ಹೊಂದುತ್ತದೆ, ಮೆಮೊರಿಗೆ ಹೆಚ್ಚುವರಿ ಹೊರೆ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ದಾರಿಯನ್ನು 100 ಮೆಗಾಹರ್ಟ್ಸಿಗೇ ಕಟ್ಟಿಹಾಕಬೇಕು, ಇಲ್ಲವಾದರೆ ಅದೂ ತಾಳದ ಜೊತೆ ಓಡಿ ಎಡವುತ್ತದೆ. ವೋಲ್ಟೇಜನ್ನು ಆಟೋದಲ್ಲಿ ಬಿಡಬಾರದು. ಬಡಿತ ಏರಿದ್ದು ಕಂಡರೆ ಎಷ್ಟೋ ಬೋರ್ಡುಗಳು ಭಯಬಿದ್ದು ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಸುರಿಯುತ್ತವೆ.

ಮೂಲ ಬಡಿತವನ್ನು ಹತ್ತು ಹತ್ತಾಗಿ ಏರಿಸಿದೆ. ಪ್ರತಿ ಮೆಟ್ಟಿಲಲ್ಲೂ ಪ್ರೈಮ್95 ಓಡಿಸಿದೆ. ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ಈ ತಂತ್ರಾಂಶ, ಉತ್ತರ ಮೊದಲೇ ಗೊತ್ತಿರುವ ಭಾರೀ ಗುಣಾಕಾರಗಳನ್ನು ಪ್ರೊಸೆಸರಿನಿಂದ ಮಾಡಿಸಿ ತಾಳೆ ನೋಡುತ್ತದೆ. ಕೋಲಾಟದಲ್ಲಿ ಆ ಕಷ್ಟದ ತಿರುಗು ಹೆಜ್ಜೆಯನ್ನೇ ಗಂಟೆಗಟ್ಟಲೆ ಹಾಕಿಸಿದಂತೆ. 380ರವರೆಗೆ ವೋಲ್ಟೇಜ್ ಮುಟ್ಟುವ ಅಗತ್ಯವೇ ಬರಲಿಲ್ಲ, ಮಿಗತೆ ಅಷ್ಟಿತ್ತು. 390ರಲ್ಲಿ ಯಂತ್ರ ಸ್ತಬ್ಧವಾಯಿತು. ಒಂದು ಚಿಟಿಕೆ ವೋಲ್ಟೇಜ್ ಕೊಟ್ಟೆ, ಮತ್ತೆ ನಡೆಯಿತು. 400ರಲ್ಲಿ ಒಮ್ಮೆ ಪರದೆಯೇ ಬರಲಿಲ್ಲ. ಗಾಬರಿಯಾಗಬೇಕಿಲ್ಲ: ಪ್ಲಗ್ ಕಿತ್ತು, ಬೋರ್ಡಿನ ಗುಂಡಿ ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೆ ಬಯೋಸ್ ಎಲ್ಲವನ್ನೂ ಮರೆತು ಹುಟ್ಟಿದ ದಿನಕ್ಕೆ ಮರಳುತ್ತದೆ. ಕೊನೆಗೆ 1.275 ವೋಲ್ಟಿನಲ್ಲಿ 3.6 ಗಿಗಾಹರ್ಟ್ಸ್ ನಿಂತಿತು. ಜನವರಿಯ ಒಂದು ರಾತ್ರಿ ಎಂಟು ಗಂಟೆ ಪ್ರೈಮ್95 ಓಡಿ ಬೆಳಿಗ್ಗೆಗೆ ಒಂದೂ ತಪ್ಪಿಲ್ಲ. ಚಿಪ್ಪಿನ ಉಷ್ಣತೆ 60 ದಾಟಿರಲಿಲ್ಲ. ಎಪ್ಪತ್ತು ದಾಟಿದರೆ ನಿಲ್ಲಿಸುವುದು ಎಂಬುದು ನಾನೇ ಹಾಕಿಕೊಂಡ ಗೆರೆ.

ಏಪ್ರಿಲ್ ಮಧ್ಯಾಹ್ನ

ಮೂರು ತಿಂಗಳು ಯಂತ್ರ ಚೆನ್ನಾಗಿಯೇ ಓಡಿತು. ಏಪ್ರಿಲ್‌ನಲ್ಲಿ, ಗುಡುಗು ಬರುವ ಮುನ್ನ ಗಾಳಿ ಅಲುಗದೆ ನಿಲ್ಲುವ ಒಂದು ಮಧ್ಯಾಹ್ನ, ಸುಮ್ಮನೆ ಕುತೂಹಲಕ್ಕೆ ಪ್ರೈಮ್95 ಮತ್ತೆ ಹಚ್ಚಿದೆ. ಕೋಣೆ 29 ಡಿಗ್ರಿ. ನಲವತ್ತು ನಿಮಿಷಕ್ಕೆ ಒಂದು ಸಾಲು ಬಂತು: ಉತ್ತರವನ್ನು ಪೂರ್ಣಾಂಕಕ್ಕೆ ಹೊಂದಿಸುವಾಗ 0.4ಕ್ಕಿಂತ ಕಡಿಮೆ ಇರಬೇಕಾಗಿದ್ದ ವ್ಯತ್ಯಾಸ 0.5 ಆಗಿದೆ. ಬೇರೇನೂ ಆಗಲಿಲ್ಲ. ಪರದೆ ನೀಲಿಯಾಗಲಿಲ್ಲ, ಹಾಡು ನಿಲ್ಲಲಿಲ್ಲ, ಮೌಸ್ ಸರಾಗವಾಗಿ ಓಡಾಡುತ್ತಿತ್ತು. ಚಿಪ್ಪಿನೊಳಗೆ ಎಲ್ಲೋ ಒಂದು ನಿಧಾನದ ದಾರಿಯಲ್ಲಿ ಒಂದು ಉತ್ತರ ಒಂದೇ ಒಂದು ಸಲ ತಡವಾಗಿ ಬಂದಿತ್ತು, ಅಷ್ಟೇ.

ಜನವರಿಗೂ ಏಪ್ರಿಲ್‌ಗೂ ನಡುವೆ ಬಯೋಸಿನಲ್ಲಿ ನಾನು ಏನೂ ಬದಲಿಸಿರಲಿಲ್ಲ. ಚಳಿ ಕೊಟ್ಟಿದ್ದನ್ನು ಬಿಸಿಲು ವಾಪಸು ತೆಗೆದುಕೊಂಡಿತ್ತು. ವೋಲ್ಟೇಜ್ ಇನ್ನೊಂದು ಚಿಟಿಕೆ ಏರಿಸಬಹುದಿತ್ತು. ಕೈ ಅತ್ತ ಹೋಗಿ ಹಿಂದೆ ಬಂತು. ಮೂಲ ಬಡಿತ 380ಕ್ಕೆ ಇಳಿಸಿದೆ, ವೋಲ್ಟೇಜನ್ನೂ ಹಳೆಯ 1.225ಕ್ಕೇ ತಂದೆ. ಒಂಬತ್ತರಿಂದ ಗುಣಿಸಿದರೆ 3.42 ಗಿಗಾಹರ್ಟ್ಸ್. ಅದೇ ಮಧ್ಯಾಹ್ನ ಮತ್ತೆ ಹಚ್ಚಿದ ಪ್ರೈಮ್95ಅನ್ನು ಗುಡುಗು ಶುರುವಾದ ಮೇಲೆ ನಿಲ್ಲಿಸಿ, ಗೋಡೆಯಿಂದ ಪ್ಲಗ್ ಕಿತ್ತಿಟ್ಟೆ. ಅಲ್ಲಿಯವರೆಗೆ ಬಂದದ್ದು ಸೊನ್ನೆ ತಪ್ಪು.